ಪ್ರಮಾಣ ಮಾಡಿ ಬಿಟ್ಟುಹೋದವನು

“ಖರೇ ಹೇಳ್ರಿ ಸಾಹೇಬ್ರ... ನೀವು ಅಳತಿ ಶುರು ಮಾಡಿದ್ದು ಯಾವ ಕಲ್ಲಿನಿಂದ?”

ಚಿತ್ತಾಪುರದ ಕೋರ್ಟ್ ಹಾಲಿನಲ್ಲಿ ಫ್ಯಾನಿನ ಸದ್ದೊಂದು ಬಿಟ್ಟರೆ ಎಲ್ಲವೂ ಸ್ತಬ್ಧ.

ಪ್ರಶ್ನೆ ಕೇಳಿದವಳು ವಕೀಲೆ ಕರುಣಾ. ದಂಡೋತಿಯ ದಲಿತ ಬೌದ್ಧ ಮನೆಯ ಮಗಳು. ಅಪ್ಪ ಭೀಮಶ್ಯಾ ಶಹಾಬಾದಿನ ಖಣಿಗಳಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಒಡೆದೂ ಒಡೆದೂ, ಎದೆಯಲ್ಲಿ ಧೂಳು ತುಂಬಿಕೊಂಡೇ ತೀರಿಹೋದವನು. ಅವ್ವ ಭೀಮಬಾಯಿ ಹೊಲದ ಕೂಲಿ ಮಾಡಿ ಮಗಳಿಗೆ ಕರಿಕೋಟು ಹಾಕಿಸಿದವಳು.

ಕಟಕಟೆಯಲ್ಲಿ ನಿಂತವನು ಸರ್ಕಾರಿ ಸರ್ವೇಯರ್ ಅಂಬರೇಶ. ಸನ್ನತಿಯವನು. ಭೀಮಾ ದಂಡೆಯಲ್ಲಿ ತಲೆಮಾರುಗಳಿಂದ ಬಾಳಿದ ಮೇಲುಜಾತಿಯ ಮನೆತನ.

ಶಹಾಬಾದಿನ ಹೊರಗೆ ಖಣಿ ಕೂಲಿಗಳ ನಲವತ್ತೆರಡು ಮನೆಗಳಿದ್ದವು. ಆ ಜಾಗ ತನ್ನದೆಂದು ಖಣಿ ಮಾಲೀಕನೊಬ್ಬ ದಾವೆ ಹೂಡಿದ್ದ. ಅಂಬರೇಶ ಬರೆದುಕೊಟ್ಟ ನಕ್ಷೆಯೂ ಹಾಗೆಯೇ ಹೇಳುತ್ತಿತ್ತು. ಆ ನಕ್ಷೆಯನ್ನು ಕೋರ್ಟು ಒಪ್ಪಿದರೆ ನಲವತ್ತೆರಡೂ ಮನೆ ನೆಲಸಮ!

“ದಕ್ಷಿಣ ಮೂಲಿ ಕಲ್ಲಿನಿಂದ್ರಿ,” ಎಂದ ಅಂಬರೇಶ.

ಕರುಣಾ ಹಳೆಯ ನಕ್ಷೆಯೊಂದನ್ನು ಅವನ ಮುಂದೆ ಹಿಡಿದಳು.

“ಇದು ಎಪ್ಪತ್ತು ವರ್ಷದ ಹಿಂದಿನ ನಕ್ಷಿ. ಇದರಾಗ ಆ ಕಲ್ಲು ಹುಣಸಿ ಗಿಡದ ಈಚೆ ಅದ. ನೀವು ಅಳತಿ ಹಿಡದ ಕಲ್ಲು ಗಿಡದ ಆಚೆ ಅದ. ಕಲ್ಲಿಗೇನು ಕಾಲು ಬಂದಾವೇನ್ರಿ?”

ಹಾಲಿನಲ್ಲಿ ನಗು ಎದ್ದಿತು. ಕರುಣಾ ಕಾದಳು. ಇವನು ಈಗ ಸಿಟ್ಟಾಗುತ್ತಾನೆ... ಇಲ್ಲವೇ ತೇಲಿಸಿ ಮಾತಾಡುತ್ತಾನೆ. ಅದಕ್ಕೆಂದೇ ಇನ್ನೂ ಇಪ್ಪತ್ತು ಪ್ರಶ್ನೆ ಬರೆದಿಟ್ಟುಕೊಂಡಿದ್ದಳು.

ಅಂಬರೇಶ ಸಿಟ್ಟಾಗಲಿಲ್ಲ. ಎರಡೂ ನಕ್ಷೆಗಳನ್ನು ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದ.

ಆಮೇಲೆ ನ್ಯಾಯಾಧೀಶರ ಕಡೆ ತಿರುಗಿದ.

“ಮೇಡಂ ಹೇಳೋದು ಖರೇ ಅದರಿ. ಕಲ್ಲು ಯಾರೋ ಸರಿಸ್ಯಾರ. ನಾ ಹಳೇ ನಕ್ಷಿ ತಗದು ನೋಡಬೇಕಿತ್ತು, ನೋಡ್ಲಿಲ್ಲ. ನನ್ನ ಅಳತಿ ತಪ್ಪದ. ಹುಕುಂ ಆದ್ರ ಮತ್ತೊಮ್ಮಿ ಅಳೀತೀನ್ರಿ.”

ಕರುಣಾ ಅವನನ್ನೇ ದಿಟ್ಟಿಸಿದಳು.

ಅಯ್ಯೋ! ಇಂಥ ಸಾಕ್ಷಿಯೂ ಇರ್ತಾನಾ?

ಕೈಯಲ್ಲಿದ್ದ ಇಪ್ಪತ್ತು ಪ್ರಶ್ನೆಗಳ ಕಾಗದ ಒಮ್ಮೆಲೇ ಕೆಲಸಕ್ಕೆ ಬಾರದಾಗಿತ್ತು. ಕಟಕಟೆ ಇಳಿದು ಹೋಗುವಾಗ ಅವನು ಒಂದು ಗಳಿಗೆ ಅವಳನ್ನು ನೋಡಿದ. ಸೋತವನ ನೋಟವಲ್ಲ ಅದು. ಹೊರೆ ಇಳಿಸಿದವನ ನೋಟ.

*

ಮರು ಅಳತೆಯಾಯಿತು. ಜಾಗ ಮಾಲೀಕನದಲ್ಲ, ಸರ್ಕಾರದ್ದೆಂದು ಖಚಿತವಾಯಿತು. ಈ ನಡುವೆ ಒಮ್ಮೆ ಕೋರ್ಟಿನ ಹೊರಗೆ ಎದುರಾದಾಗ ಕರುಣಾ ನಗುತ್ತಾ ಕರೆದಿದ್ದಳು.

“ಬರ್ರಿ, ಚಹಾ ಕುಡಿಯೋಣು.”

“ಈಗ ಬ್ಯಾಡ್ರಿ,” ಅಂದಿದ್ದ ಅಂಬರೇಶ. “ತೀರ್ಪು ಬರೋತನಕ ನಿಮ್ಮ ಚಹಾ ನನಗ ಸಲ್ಲಂಗಿಲ್ಲ. ನಾ ಸಾಕ್ಷಿ, ನೀವು ವಕೀಲ್ರು.”

ಎಷ್ಟು ಬಿಗಿ ಮನುಷ್ಯ! ಎಂದುಕೊಂಡಳು. ಆದರೆ ಆ ಬಿಗಿತವೇ ಅವಳಿಗೆ ಹಿಡಿಸಿತು.

ಒಂಬತ್ತು ತಿಂಗಳ ಮೇಲೆ ತೀರ್ಪು ಬಂತು. ನಲವತ್ತೆರಡು ಮನೆಗಳೂ ಉಳಿದವು. ಹೆಂಗಸರು ಕೋರ್ಟಿನ ಅಂಗಳದಲ್ಲೇ ಕರುಣಾಳನ್ನು ತಬ್ಬಿಕೊಂಡು ಅತ್ತರು. ಆ ಗದ್ದಲದಲ್ಲಿ ಯಾರೋ ಹಿಂದಿನಿಂದ ಮೆಲ್ಲಗೆ ಕೆಮ್ಮಿದರು.

“ಮೇಡಂ... ಈಗ ಚಹಾ ಕುಡೀಬಹುದಲ್ರಿ?”

ತಿರುಗಿ ನೋಡಿದರೆ ಅಂಬರೇಶ!

ಅಲ್ಲಿಂದ ಶುರುವಾಯಿತು. ಅವನಿಗೆ ಸೇಡಂ ಕಡೆ ಕೆಲಸವಿದ್ದಾಗ ಅವಳ ಕೇಸೂ ಹೇಗೋ ಸೇಡಂನಲ್ಲೇ ಇರುತ್ತಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿಯ ಸೂಸಲಾ, ಮಿರ್ಚಿ ಭಜಿ. ಮಾತು... ಮಾತು... ಹೈದರಾಬಾದಿನ ಎರಡು ಬಸ್ಸು ಹೋದರೂ ಮುಗಿಯದ ಮಾತು.

ಒಂದು ಭಾನುವಾರ ಅವನು ದಂಡೋತಿಗೆ ಬಂದ. ಭೀಮಬಾಯಿ ರೊಟ್ಟಿ, ಪುಂಡಿಪಲ್ಯ ಬಡಿಸಿ, ನೀರಿನ ಗ್ಲಾಸು ಹಿಡಿದು ಒಂದು ಕ್ಷಣ ಅನುಮಾನಿಸಿದಳು. ಕೊಡಲೋ, ಬೇಡವೋ? ಆ ಅನುಮಾನ ಅವಳು ಹುಟ್ಟಿದಾಗಿನಿಂದ ಕಲಿತದ್ದು.

ಅಂಬರೇಶ ಎದ್ದು ಬಂದು ಗ್ಲಾಸು ಇಸಿದುಕೊಂಡು ಗಟಗಟ ಕುಡಿದ.

“ಇನ್ನೊಂದು ಗ್ಲಾಸ್ ಕೊಡ್ರಿ ಅತ್ತಿ. ಪಲ್ಯಾ ಭಾಳ ಖಾರ ಅದ!”

ಒಳಗೆ ನಿಂತಿದ್ದ ಕರುಣಾಳ ಕಣ್ಣು ತುಂಬಿದವು. ಆ ಸಂಜೆ ಕಾಗಿಣಾ ನದಿಯ ದಂಡೆಯಲ್ಲಿ ಅವನೇ ಕೇಳಿದ.

“ನನ್ನ ಮದಿವಿ ಆಗ್ತೀರೇನ್ರಿ?”

“ಇದಕ್ಕ ಸಾಕ್ಷಿ ಯಾರದಾರ?” ಎಂದು ಕಾಡಿಸಿದಳು.

“ಯಾರೂ ಇಲ್ರಿ. ನನ್ನ ಮಾತಷ್ಟೇ.”

“ಸಾಕು,” ಎಂದಳು ಕರುಣಾ. ಅವನ ಮಾತು ಅವಳಿಗೆ ನಿಜವಾಗಿಯೂ ಸಾಕಾಗಿತ್ತು.

*

ಖಣಿ ಕೂಲಿಗಳ ಕೇಸು ಕರುಣಾಳ ಹೆಸರನ್ನು ಊರೂರಿಗೆ ಒಯ್ದಿತ್ತು. ವಾಡಿಯ ಸಿಮೆಂಟ್ ಕಾರ್ಮಿಕರು ಸಭೆಗೆ ಕರೆದರು. ಚಿಂಚೋಳಿಯ ತಾಂಡಾಗಳಿಂದ ಹೆಣ್ಣುಮಕ್ಕಳು ಹುಡುಕಿಕೊಂಡು ಬಂದರು. ಲೋಕಸಭೆ ಚುನಾವಣೆ ಹತ್ತಿರವಾದಾಗ ರಾಷ್ಟ್ರೀಯ ಪಕ್ಷವೊಂದರ ಮುಖಂಡರು ಬಂದು, “ನೀವೇ ನಿಲ್ರಿ” ಎಂದರು.

ಸುದ್ದಿಯನ್ನು ಮೊದಲು ಹೇಳಬೇಕೆನಿಸಿದ್ದು ಅಂಬರೇಶನಿಗೆ. ವಾಡಿ ಸ್ಟೇಷನ್ನಿನಲ್ಲಿ ಭೇಟಿಯಾಗುವುದೆಂದು ಮಾತಾಯಿತು.

ಮಧ್ಯಾಹ್ನದ ಬಿಸಿಲು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅವನು ತಲೆ ತಗ್ಗಿಸಿ ಕೂತಿದ್ದ.

“ಟಿಕೆಟ್ ನನಗೇ ಕೊಡ್ಲಿಕತ್ತಾರ!” ಎಂದಳು ಉಸಿರು ಬಿಡದೆ.

“ಭಾಳ ಛಲೋ ಆಯ್ತು. ನೀವು ಗೆಲ್ತೀರಿ.” ಅವನ ದನಿ ಒಣಗಿತ್ತು. “ಕರುಣಾ... ಇನ್ನ ಮುಂದ ನಾವು ಭೇಟಿ ಆಗೋದು ಬ್ಯಾಡ. ಫೋನೂ ಬ್ಯಾಡ.”

“ಏನು?”

“ಮದಿವಿ ಮಾತು ನಾ ಹಿಂದ ತಗೋತೀನಿ. ಕಾರಣ ಕೇಳಬ್ಯಾಡ್ರಿ. ಕೇಳಿದ್ರ ನನಗ ಸುಳ್ಳು ಹೇಳ್ಲಿಕ್ಕ ಬರಂಗಿಲ್ಲ, ಖರೇ ಹೇಳ್ಲಿಕ್ಕ ಆಗಂಗಿಲ್ಲ.”

ಎದುರಿನ ಹಳಿಯಲ್ಲಿ ಗೂಡ್ಸ್ ಗಾಡಿ ಬಂತು. ಆ ಸದ್ದಿನಲ್ಲಿ ಅವಳು ಏನೋ ಕೂಗಿದಳು... ಅವನಿಗೆ ಕೇಳಿಸಿತೋ ಇಲ್ಲವೋ. ಗಾಡಿ ದಾಟುವಷ್ಟರಲ್ಲಿ ಅವನು ಮೆಟ್ಟಿಲು ಹತ್ತಿ ಹೋಗಿದ್ದ.

ಹತ್ತು ದಿನಕ್ಕೆ ಉತ್ತರ ಸಿಕ್ಕಿತು ಎಂದುಕೊಂಡಳು ಕರುಣಾ. ಖಣಿ ಮಾಲೀಕ ಕಲಬುರಗಿಯ ಮೇಲಿನ ಕೋರ್ಟಿಗೆ ಹೋಗಿದ್ದ. ಚುನಾವಣೆಯ ಓಡಾಟದಿಂದಾಗಿ ಆ ಕೇಸನ್ನು ಅವಳ ಹಿರಿಯ ವಕೀಲರು ನೋಡಿಕೊಳ್ಳುತ್ತಿದ್ದರು; ಅವರ ಮೇಜಿನ ಮೇಲೆ ಅವಳ ಕಣ್ಣಿಗೆ ಬಿದ್ದದ್ದು ಅಂಬರೇಶನ ಸಹಿ ಇದ್ದ ಪ್ರಮಾಣಪತ್ರವೊಂದೇ. ಅದರಲ್ಲೊಂದು ಸಾಲು: “ವಕೀಲರಾದ ಕರುಣಾ ಅವರಿಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ.”

ಮೂರು ಸಲ ಓದಿದಳು. ಸುಳ್ಳು ಹೇಳದ ಮನುಷ್ಯ ಪ್ರಮಾಣ ಮಾಡಿ ಬರೆದಿದ್ದಾನೆ. ಹಾಗಾದರೆ ಇದೇ ಸತ್ಯ. ಸಂಬಂಧ ಇಲ್ಲ!

ಮನೆಗೆ ಬಂದು ಅವ್ವನ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ಭೀಮಬಾಯಿ ಮಗಳ ತಲೆ ಸವರಿದಳು.

“ನೀರೇನೋ ಕುಡದ,” ಎಂದಳು ಕಡೆಗೆ. “ಕೈ ಹಿಡೀಲಿಕ್ಕ ಅಂಜಿದ. ಊರಿಗಿ ಅಂಜಿದ. ಬಿಡು ಯವ್ವಾ... ನಮಗ ಇದು ಹೊಸಾದಲ್ಲ.”

ಆ ಮಾತು ಕರುಣಾಳ ಎದೆಗೆ ನಟ್ಟಿತು. ಅವನು ಬಿಟ್ಟುಹೋದದ್ದಕ್ಕಿಂತ, ಅವನೂ ಎಲ್ಲರಂತೆಯೇ ಎಂಬುದು ಹೆಚ್ಚು ನೋಯಿಸಿತು.

ಮರುದಿನ ಬೆಳಿಗ್ಗೆ ಮುಖ ತೊಳೆದು, ಬಿಳಿ ಸೀರೆಯುಟ್ಟು ನಾಮಪತ್ರ ಸಲ್ಲಿಸಲು ಹೋದಳು.

*

ಕರುಣಾ ಗೆದ್ದಳು. ದಂಡೋತಿಯ ಹುಡುಗಿ ಸಂಸದೆಯಾಗಿ ದಿಲ್ಲಿಗೆ ಹೋದಳು!

ಮೊದಲ ಭಾಷಣ ಖಣಿ ಧೂಳಿನ ಬಗ್ಗೆ. “ನನ್ನ ತಂದೆಯ ಮರಣ ಪ್ರಮಾಣಪತ್ರದಲ್ಲಿ ಕ್ಷಯ ಎಂದು ಬರೆದಿದ್ದಾರೆ. ಅದು ಕ್ಷಯವಲ್ಲ, ಕಲ್ಲಿನ ಧೂಳು,” ಎಂದಳು. ಆ ಮಾತು ದೇಶವೆಲ್ಲ ಓಡಾಡಿತು. ಮೂರನೇ ವರ್ಷಕ್ಕೆ ಅವಳು ಪಕ್ಷದ ರಾಷ್ಟ್ರೀಯ ವಕ್ತಾರೆ. ಟಿವಿ ಚರ್ಚೆಗಳಲ್ಲಿ ಅವಳೆದುರು ಕೂರಲು ಹಳೆಯ ಹುಲಿಗಳೂ ಹಿಂದೆಮುಂದೆ ನೋಡುತ್ತಿದ್ದರು.

ಮದುವೆಯ ಮಾತುಗಳು ಎಷ್ಟೋ ಬಂದವು. ಎಲ್ಲಕ್ಕೂ ಅವಳದು ಒಂದೇ ಉತ್ತರ. “ಟೈಮಿಲ್ಲ.”

ಟೈಮ್ ಇತ್ತು. ಮನಸ್ಸೇ ಇರಲಿಲ್ಲ. ಸನ್ನತಿಯಿಂದ ಯಾರಾದರೂ ಅಹವಾಲು ಹಿಡಿದು ಬಂದರೆ ಅವಳ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು. ಅವನ ಬಗ್ಗೆ ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿ, “ನಿಮ್ಮೂರಾಗ ನೀರು ಸರಿಯಾಗಿ ಬರ್ತಾವೇನ್ರಿ?” ಎಂದು ಕೇಳಿ ಕಳಿಸುತ್ತಿದ್ದಳು.

ಐದು ವರ್ಷ ತುಂಬುತ್ತಾ ಬಂತು. ಮತ್ತೆ ಚುನಾವಣೆ ಹತ್ತಿರವಾದ ಆ ಮಾಗಿಯಲ್ಲಿ ಕಲಬುರಗಿಯ ಕೋರ್ಟು ಮಾಲೀಕನ ಮೇಲ್ಮನವಿಯನ್ನು ವಜಾ ಮಾಡಿತು. ನಲವತ್ತೆರಡು ಮನೆಗಳು ಇನ್ನು ಯಾರೂ ಮುಟ್ಟಲಾಗದಂತೆ ಉಳಿದವು.

ಆ ಸಂತೋಷಕ್ಕೆ ಕರುಣಾ ಸಿಹಿ ಹಿಡಿದು ಚಿತ್ತಾಪುರದ ಶೌಕತ ಅಲಿ ಅವರ ಮನೆಗೆ ಹೋದಳು. ಅವಳಿಗೆ ವಕೀಲಿ ಕಲಿಸಿದ ಹಿರಿಯರು ಅವರು. ಆ ಮೇಲ್ಮನವಿಯ ಕೇಸು ನಡೆಸಿದವರೂ ಅವರೇ.

ಸಿಹಿ ಮುಟ್ಟದೆ ಮುದುಕರು ಕನ್ನಡಕ ತೆಗೆದು ಕೂತರು.

“ಬೇಟಿ... ಇವತ್ತಿನತನಕ ಒಂದು ಮಾತು ಹೊಟ್ಟಿಯಾಗ ಇಟಗೊಂಡೀನಿ. ಇನ್ನ ಆಗಂಗಿಲ್ಲ.”

“ಹೇಳ್ರಿ ಚಾಚಾ.”

“ಆ ಮೇಲ್ಮನವಿಯಾಗ ಮಾಲೀಕ ಏನಂತ ಬರದಿದ್ದ ಗೊತ್ತೇನು? ಸರ್ವೇಯರ್ ವಕೀಲಮ್ಮನ ಬಲೆಗಿ ಬಿದ್ದು ಅಳತಿ ತಿರುವಿದ ಅಂತ. ನೀವಿಬ್ರೂ ಸೇಡಂನಾಗ ಕುಂತು ಚಹಾ ಕುಡಿಯೋ ಫೋಟೋ ತಗಸಿದ್ದ. ಮದಿವಿ ಆಗಿದ್ರ, ನೋಡ್ರಿ ನಾ ಹೇಳಿದ್ದೇ ಖರೇ ಅಂತಿದ್ದ. ನಲವತ್ತೆರಡು ಮನಿ ಹೋಗ್ತಿದ್ವು.”

ಕರುಣಾ ಸಿಹಿಯ ಡಬ್ಬಿಯನ್ನು ಪಕ್ಕಕ್ಕಿಟ್ಟಳು.

“ನಾನೇ ಅಂಬರೇಶಗ ಕರದು ಹೇಳಿದೆ. ಸಂಬಂಧ ಇಲ್ಲಂತ ಪ್ರಮಾಣಪತ್ರ ಕೊಡಪ್ಪಾ ಅಂದೆ. ಸುಳ್ಳು ಪ್ರಮಾಣ ಮಾಡಂಗಿಲ್ರಿ ಅಂದ. ಎರಡು ದಿನ ಬಿಟ್ಟು ಬಂದ... ಮುಖ ನೋಡ್ಲಿಕ್ಕ ಆಗ್ತಿದ್ದಿಲ್ಲ. ವಾಡಿಗಿ ಹೋಗಿ ಎಲ್ಲಾ ಮುಗಿಸಿ ಬಂದೀನ್ರಿ, ಈಗ ಬರದ್ರ ಸುಳ್ಳಾಗಂಗಿಲ್ಲ, ಕೊಡ್ರಿ ಸಹಿ ಮಾಡ್ತೀನಿ, ಅಂದ.”

ಅವನು ಸುಳ್ಳು ಬರೆದಿರಲಿಲ್ಲ! ಬರೆಯುವ ಮೊದಲು ಅದನ್ನು ಸತ್ಯ ಮಾಡಿದ್ದ... ತನ್ನ ಎದೆ ತಾನೇ ಸೀಳಿಕೊಂಡು.

“ನನಗ್ಯಾಕ ಹೇಳ್ಲಿಲ್ಲ ಚಾಚಾ?” ಎಂದಳು ಕರುಣಾ.

“ನಿನಗ ಟಿಕೆಟ್ ಕೊಡೋ ಮಾತು ಆಗಲೇ ಊರೆಲ್ಲಾ ಇತ್ತು. ಹೇಳಿದ್ರ ಅವನ ಸಲುವಾಗಿ ನೀ ಅದನ್ನ ಬಿಡ್ತಿದ್ದಿ. ನಾವಿಬ್ರೂ ಹಂಗ ತಿಳದ್ವಿ. ತಪ್ಪಾಗ್ಯದ ಬೇಟಿ, ಮಾಫ್ ಮಾಡು.”

ಅವಳಿಗೆ ಅಳು ಬಂತು. ಅದರ ಬೆನ್ನಿಗೇ ಕೆಂಡದಂಥ ಸಿಟ್ಟೂ ಬಂತು.

“ಅವರು ಈಗ ಎಲ್ಲದಾರ?”

“ಚಿಂಚೋಳಿ ತಾಲೂಕಿನಾಗ. ಇನ್ನೂ ಮದಿವಿ ಆಗಿಲ್ಲ.”

*

ಸೇಡಂ ದಾಟಿ ಕಾರು ಚಿಂಚೋಳಿ ದಾರಿ ಹಿಡಿಯಿತು. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಮೇಡಂ ಅಳುತ್ತಿದ್ದಾರೋ, ಬೈಯುತ್ತಿದ್ದಾರೋ ಅವನಿಗೆ ತಿಳಿಯಲಿಲ್ಲ. ಎರಡೂ ಹೌದಿತ್ತು.

ಸರ್ವೇ ಕಚೇರಿಯಲ್ಲಿ ವಿಚಾರಿಸಿದರೆ, ಸಾಹೇಬರು ತೆಲಂಗಾಣದ ಗಡಿ ಹತ್ತಿರದ ಹೊಲವೊಂದರ ಅಳತೆಗೆ ಹೋಗಿದ್ದಾರೆ ಎಂದರು. ರಸ್ತೆ ಮುಗಿದಲ್ಲಿ ಕಾರು ನಿಲ್ಲಿಸಿ, ಆಳೆತ್ತರದ ತೊಗರಿಯ ನಡುವೆ ಕರುಣಾ ಒಬ್ಬಳೇ ನಡೆದಳು.

ಹೊಲದಲ್ಲಿ ಇಬ್ಬರು ಅಣ್ಣತಮ್ಮಂದಿರು ಜಗಳವಾಡುತ್ತಿದ್ದರು. ಅಣ್ಣ ಶಿವರಾಯ ಅವಳನ್ನು ನೋಡಿದವನೇ ಬೆಚ್ಚಿಬಿದ್ದ.

“ಅಯ್ಯಯ್ಯೋ! ಎಂಪಿ ಮೇಡಂ! ಒಡ್ಡಿನ ಜಗಳ ದಿಲ್ಲಿತನಕ ಹೋಯ್ತೇನಪ್ಪೋ?”

“ನಾ ಏನೂ ಕಂಪ್ಲೇಂಟ್ ಕೊಟ್ಟಿಲ್ರಮ್ಮಾ!” ಎಂದು ತಮ್ಮ ಕೈಮುಗಿದ.

“ನಿಮ್ಮ ಜಗಳಕ್ಕ ಬಂದಿಲ್ರಿ ನಾನು,” ಎಂದಳು ಕರುಣಾ. “ನಂದೇ ಒಂದು ಜಗಳ ಅದ.”

ಅಳತೆ ಟೇಪು ಹಿಡಿದು ಬಗ್ಗಿದ್ದ ಅಂಬರೇಶ ಆ ದನಿಗೆ ಎದ್ದು ನಿಂತ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಕಣ್ಣು ಮಾತ್ರ ಅವೇ.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಜಗಳ ಮರೆತು, ದೂರದ ಬೇವಿನ ಗಿಡದ ಕೆಳಗೆ ಹೋಗಿ ಕೂತರು.

“ಶೌಕತ ಚಾಚಾ ಎಲ್ಲಾ ಹೇಳ್ಯಾರ,” ಎಂದಳು.

ಅವನು ಟೇಪನ್ನು ಸುತ್ತತೊಡಗಿದ.

“ಐದು ವರ್ಷ ನಾ ಏನಂತ ತಿಳಕೊಂಡಿದ್ದೆ ಗೊತ್ತದೇನು? ನನ್ನ ಜಾತಿಗಿ ಅಂಜಿ ಓಡಿಹೋದ್ರಂತ! ನಮ್ಮವ್ವ ಕೂಡ ಹಂಗೇ ತಿಳದಾಳ. ಇವತ್ತಿಗೂ!”

ಅಂಬರೇಶನ ಮುಖ ಬಿಳುಚಿಕೊಂಡಿತು.

“ಅದು... ನನಗ ಹೊಳೀಲೇ ಇಲ್ಲ ಕರುಣಾ. ಖರೇ ಹೇಳ್ತೀನಿ. ನೀವು ಸಿಟ್ಟಾಗ್ತೀರಿ, ಮರೀತೀರಿ, ದೊಡ್ಡೋರಾಗ್ತೀರಿ ಅಂದ್ಕೊಂಡೆ. ಹಿಂಗ ತಿಳೀತೀರಿ ಅಂತ... ಅಯ್ಯೋ, ಅತ್ತಿ ಹಂಗ ತಿಳದ್ರೇನು?”

“ಆ ನಲವತ್ತೆರಡು ಮನಿ ನಿಮಗಷ್ಟೇ ಬೇಕಾಗಿದ್ದಾವೇನು? ನನ್ನಪ್ಪ ಸತ್ತದ್ದು ಆ ಖಣಿ ಧೂಳಿನಿಂದ! ಒಂದು ಮಾತು ಕೇಳಿದ್ರ ನಾನೇ ಅಂತಿದ್ದೆ, ಕೇಸ್ ಮುಗಿಯೋತನಕ ದೂರ ಇರೋಣು ಅಂತ. ಐದಲ್ಲ, ಹತ್ತು ವರ್ಷ ಕಾಯ್ತಿದ್ದೆ... ನಗತಾ ಕಾಯ್ತಿದ್ದೆ! ನೀವಿಬ್ರು ಗಂಡಸರು ಕುಂತು ನನ್ನ ಬಾಳೇನಂತ ತೀರ್ಮಾನ ಮಾಡಿದ್ರಿ. ದಿಲ್ಲಿಯಾಗ ದಿನಾ ಇದರ ವಿರುದ್ಧನೇ ಜಗಳಾಡ್ತೀನಿ ನಾನು. ನನ್ನ ಮನಿಯಾಗೇ ಆಗಿತ್ತು, ನನಗೇ ಗೊತ್ತಿದ್ದಿಲ್ಲ!”

ಅಂಬರೇಶ ಟೇಪನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಮುಟ್ಟಲಿಲ್ಲ.

“ತಪ್ಪು ನಂದೇ ಅದ,” ಎಂದ. “ನಿಮ್ಮನ್ನ ಕೇಳಬೇಕಿತ್ತು. ಕೇಳ್ಲಿಲ್ಲ. ನಿಮ್ಮ ಮ್ಯಾಲೆ ಅಷ್ಟು ಭರೋಸಾ ಇಡಬೇಕಿತ್ತು. ಇಡ್ಲಿಲ್ಲ. ಕೇಸ್ ಮುಗೀತಂತ ಮೊನ್ನಿ ಗೊತ್ತಾಯ್ತು. ದಂಡೋತಿಗಿ ಬರಬೇಕಂತ ಎರಡು ಸಲ ಬಸ್ ಹತ್ತಿ, ಎರಡೂ ಸಲ ಸೇಡಂನಾಗ ಇಳದು ವಾಪಸ್ ಬಂದೆ. ಯಾವ ಮುಖ ಇಟಗೊಂಡು ಬರಲಿ? ನೀವೀಗ ಇಡೀ ದೇಶಕ್ಕ ಗೊತ್ತಿದ್ದೋರು. ನಾ ಹೊಲದ ಒಡ್ಡು ಅಳಿಯೋನು.”

“ದೇಶದ ಮಾತು ಬಿಡ್ರಿ. ಈಗ ಏನದ ಮನಸ್ಸಿನಾಗ, ಅದು ಹೇಳ್ರಿ.”

ಅವನ ಕಣ್ಣು ತುಂಬಿ ಬಂದವು.

“ನೀವೇ ಇದ್ದೀರಿ. ಒಂದು ದಿನಾನೂ ಬಿಟ್ಟು ಹೋಗಿಲ್ಲ. ಟಿವಿಯಾಗ ನೀವು ಬಂದ್ರ ನಮ್ಮವ್ವ ಕರೀತಾಳ... ಬಾರೋ, ನಿನ್ನಾಕಿ ಬಂದಾಳ, ಅಂತ.”

ಅಳುತ್ತಿದ್ದ ಕರುಣಾಳಿಗೆ ನಗು ಬಂತು. ತಡೆಯಲಾಗಲಿಲ್ಲ.

“ನಿಮ್ಮವ್ವಗ ಗೊತ್ತದೇನು?”

“ಮೊದಲಿಂದನೂ ಗೊತ್ತದ. ಹೋಗಿ ಕಾಲಿಗಿ ಬಿದ್ದು ಕರಕೊಂಡು ಬಾ ಅಂತಾಳ.”

“ಕಾಲಿಗೆಲ್ಲ ಬೀಳೋದು ಬ್ಯಾಡ,” ಎಂದು ಕಣ್ಣೊರೆಸಿಕೊಂಡಳು. “ಒಂದು ಕರಾರು ಅದ. ಇನ್ನ ಮುಂದ ನಂದಾಗ್ಲಿ ನಿಮ್ದಾಗ್ಲಿ, ಎಂಥಾ ತೊಂದ್ರಿ ಬಂದ್ರೂ ಇಬ್ರೂ ಕುಂತು ಮಾತಾಡಬೇಕು. ನನ್ನ ಪಾಲಿನ ತ್ಯಾಗ ನೀವು ಮಾಡೋದು ಬ್ಯಾಡ.”

“ಆಯ್ತು.”

“ಮತ್ತ ಮೊದಲು ನಮ್ಮವ್ವನ ಮುಂದ ಬಂದು ಎಲ್ಲಾ ಹೇಳಬೇಕು. ಇವತ್ತೇ.”

“ಇವತ್ತೇ ಬರ್ತೀನಿ.” ಅವನು ಅವಳ ಕೈ ಹಿಡಿದ. ಮಣ್ಣು ಮೆತ್ತಿದ ಒರಟು ಕೈ. ಕರುಣಾ ಬಿಡಿಸಿಕೊಳ್ಳಲಿಲ್ಲ.

ಬೇವಿನ ಗಿಡದ ಕಡೆಯಿಂದ ಶಿವರಾಯ ಅಳುಕುತ್ತಾ ಕೂಗಿದ. “ಸಾಹೇಬ್ರ... ನಮ್ಮ ಅಳತಿ?”

ಅಂಬರೇಶ ಇಕ್ಕಟ್ಟಿಗೆ ಸಿಕ್ಕವನಂತೆ ಹೊಲ ನೋಡಿದ, ಅವಳನ್ನು ನೋಡಿದ.

“ಇನ್ನ ಅರ್ಧ ಹೊಲ ಉಳದದ ಕರುಣಾ. ಇವತ್ತು ಬಿಟ್ರ ಈ ಅಣ್ಣತಮ್ಮಂದ್ರು ನಾಳಿ ಬಡದಾಡ್ತಾರ.”

“ಮುಗಿಸ್ರಿ ಮತ್ತ,” ಎಂದು ಕರುಣಾ ಸೀರೆಯ ಸೆರಗು ಸುತ್ತಿಕೊಂಡು ಒಡ್ಡಿನ ಮೇಲೆ ಕೂತಳು. ಪರ್ಸಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ದಿಲ್ಲಿಯ ಕರೆ. ತೆಗೆದು ನೋಡಿ ಬಂದ್ ಮಾಡಿದಳು.

“ಭಾಳ ಹೊತ್ತಾಗ್ತದ,” ಎಂದ ಅವನು. ಇನ್ನೂ ಕೈ ಬಿಟ್ಟಿರಲಿಲ್ಲ.

“ಆಗ್ಲಿ.”

“ಬಿಸಲದ...”

“ಇರ್ಲಿ. ನೀವು ಅಳೀರಿ. ನಾ ಇಲ್ಲೇ ಕುಂತಿರ್ತೀನಿ.”